ಫೈಟರ್ ಮೀನಿನ ಟ್ಯಾಂಕಿಗೆ ಯಾವ ಗಿಡ, ಎಲ್ಲಿ, ಹೇಗೆ?

ನಮ್ಮ ಅಂಗಡಿಗಳಲ್ಲಿ ಫೈಟರ್ ಎಂದೇ ಹೆಸರಾದ ಬೆಟ್ಟಾ ಮೀನಿನ ತವರು ಥಾಯ್ಲೆಂಡಿನ ಭತ್ತದ ಗದ್ದೆ, ಜೌಗು, ನಿಧಾನವಾಗಿ ಹರಿಯುವ ಕಾಲುವೆ. ಆಳ ಕಡಿಮೆ, ಗಿಡಗಂಟಿ ಹೆಚ್ಚು. ಅಂಥ ಮೀನನ್ನು ಬರಿಗಾಜಿನ ಬಟ್ಟಲಲ್ಲಿಟ್ಟರೆ ಅಡಗಲೂ ಒರಗಲೂ ಅದಕ್ಕೆ ಜಾಗವಿಲ್ಲ. ಪ್ಲಾಸ್ಟಿಕ್ ಗಿಡದ ಚೂಪು ಅಂಚಿಗೆ ಅದರ ಉದ್ದನೆಯ ರೆಕ್ಕೆಗಳು ಹರಿಯುತ್ತವೆ. ಜೀವಂತ ಗಿಡವಾದರೆ ನೆರಳು ಕೊಡುತ್ತದೆ, ಮೀನಿನ ಹಿಕ್ಕೆಯಿಂದ ಹುಟ್ಟುವ ಅಮೋನಿಯಾ, ನೈಟ್ರೇಟ್‌ಗಳನ್ನು ಹೀರಿ ನೀರನ್ನೂ ಕಾಪಾಡುತ್ತದೆ.

ಮೊದಲು ಟ್ಯಾಂಕ್

ಕನಿಷ್ಠ 20 ಲೀಟರ್ ನೀರು ಹಿಡಿಯುವ ಟ್ಯಾಂಕ್ ಇರಲಿ. ನೀರು ಕಡಿಮೆಯಾದಷ್ಟೂ ಬೇಗ ಕೆಡುತ್ತದೆ. ತಳಕ್ಕೆ 2–3 ಮಿ.ಮೀ. ಗಾತ್ರದ ಜಲ್ಲಿಯನ್ನು ತೊಳೆದು 4–5 ಸೆಂ.ಮೀ. ದಪ್ಪಕ್ಕೆ ಹರಡಿ. ಈ ಮೀನಿಗೆ ನೀರಿನ ಸೆಳೆತ ಆಗದು. ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್ ಸಾಕು. ನೀರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಬೆಂಗಳೂರಿನಂಥ ಊರಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳಿಗೆ ಸಣ್ಣ ಹೀಟರ್ ಬೇಕಾಗುತ್ತದೆ.

ಗಿಡದ ಆಹಾರ ಎಲ್ಲಿಂದ?

ಗಿಡ ಎಲ್ಲಿಂದ ಆಹಾರ ಪಡೆಯುತ್ತದೆ ಎಂಬುದು ತಿಳಿದರೆ ಅದನ್ನು ಎಲ್ಲಿಡಬೇಕೆಂಬುದೂ ತಿಳಿಯುತ್ತದೆ. ಹೊಸಬರ ಗಿಡಗಳು ಸಾಯುವುದು ಹೆಚ್ಚಾಗಿ ಈ ಒಂದು ವಿಷಯ ತಿಳಿಯದೆ.

ಕಲ್ಲು, ಕಟ್ಟಿಗೆ ಹಿಡಿದು ಬೆಳೆಯುವವು: ಅನುಬಿಯಾಸ್ ನಾನಾ ಮತ್ತು ಜಾವಾ ಫರ್ನ್. ಇವುಗಳಿಗೆ ಶುಂಠಿಯಂತೆ ಅಡ್ಡಡ್ಡ ಬೆಳೆಯುವ ದಪ್ಪ ಕಾಂಡವಿದೆ. ಅದನ್ನು ಜಲ್ಲಿಯಲ್ಲಿ ಹೂತರೆ ಕೊಳೆಯುತ್ತದೆ, ಗಿಡ ಸಾಯುತ್ತದೆ. ಹತ್ತಿ ದಾರದಿಂದ ಕಲ್ಲಿಗೋ ಕಟ್ಟಿಗೆಗೋ ಕಟ್ಟಿ. ಬೇರು ತಾನಾಗಿ ಹಿಡಿದುಕೊಳ್ಳುತ್ತದೆ. ಇವೆರಡೂ ನೆರಳಿನ ಗಿಡಗಳು, ಬೆಳವಣಿಗೆ ನಿಧಾನ. ಅನುಬಿಯಾಸ್‌ನ ಅಗಲ ಎಲೆ ನೀರಿನ ಮೇಲ್ಭಾಗಕ್ಕೆ ಹತ್ತಿರವಿದ್ದರೆ ಫೈಟರ್ ಅದರ ಮೇಲೇ ಒರಗಿ ವಿಶ್ರಮಿಸುತ್ತದೆ.

ತಳದಲ್ಲಿ ಬೇರೂರುವವು: ಕ್ರಿಪ್ಟೊಕೊರೈನ್ ಜಾತಿ. ಅಕ್ವೇರಿಯಂಗಳಲ್ಲಿ ಹೆಚ್ಚಾಗಿ ಕಾಣುವ ವೆಂಟಿಯೈ ಶ್ರೀಲಂಕಾದ್ದು. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇದರ ಬಂಧುಗಳಿವೆ. ಇವು ಮುಖ್ಯವಾಗಿ ಬೇರಿನಿಂದಲೇ ಉಣ್ಣುತ್ತವೆ, ಜಲ್ಲಿಯಲ್ಲಿ ಸಾರವಿಲ್ಲ. ಆದ್ದರಿಂದ ಬುಡದಲ್ಲಿ ಗೊಬ್ಬರದ ಮಾತ್ರೆ ಹೂಳಬೇಕು. ನೆಟ್ಟ ಕೆಲವೇ ದಿನಗಳಲ್ಲಿ ಎಲೆಗಳೆಲ್ಲ ಕರಗಿಹೋದರೂ ಕಿತ್ತೆಸೆಯಬೇಡಿ. ಜಾಗ ಬದಲಾದಾಗ ಈ ಗಿಡ ಹೀಗೆಯೇ ಮಾಡುತ್ತದೆ. ಬೇರು ಗಟ್ಟಿಯಿದ್ದರೆ ಹೊಸ ಎಲೆ ಬರುತ್ತದೆ.

ತೇಲುವವು: ಸಾಲ್ವಿನಿಯಾ, ಹಾರ್ನ್‌ವರ್ಟ್. ನೀರಿನಲ್ಲಿ ಕರಗಿದ ಸಾರವನ್ನು ನೇರವಾಗಿ ಹೀರುವುದರಿಂದ ಅಮೋನಿಯಾ ತೆಗೆಯುವುದರಲ್ಲಿ ಇವುಗಳದೇ ಮೇಲುಗೈ. ಗಂಡು ಫೈಟರ್ ನೊರೆಗೂಡು ಕಟ್ಟುವುದೂ ಇಂಥ ಎಲೆಗಳ ಆಸರೆಯಲ್ಲೇ. ಆದರೆ ಎಚ್ಚರ: ಈ ಮೀನು ಕಿವಿರಿನ ಜೊತೆಗೆ ತಲೆಯಲ್ಲಿರುವ ವಿಶೇಷ ಅಂಗದಿಂದ ಗಾಳಿಯನ್ನೂ ಉಸಿರಾಡುತ್ತದೆ, ಅದಕ್ಕಾಗಿ ಆಗಾಗ ಮೇಲೆ ಬರಲೇಬೇಕು. ತೇಲುಗಿಡ ಅರ್ಧಕ್ಕಿಂತ ಹೆಚ್ಚು ಹರಡಿದೊಡನೆ ತೆಗೆಯಿರಿ. ಮುಚ್ಚಳಕ್ಕೂ ನೀರಿಗೂ ನಡುವೆ ಗಾಳಿಗೆ ಜಾಗ ಬಿಡಿ.

ಬೆಳಕು, ನೀರು

ದಿನಕ್ಕೆ 6ರಿಂದ 8 ಗಂಟೆ ಸಾಧಾರಣ ಎಲ್‌ಇಡಿ ಬೆಳಕು ಸಾಕು. ಟೈಮರ್ ಹಾಕಿದರೆ ತಪ್ಪುವುದಿಲ್ಲ. ಇಂಗಾಲದ ಡೈಆಕ್ಸೈಡ್ ಸಿಲಿಂಡರು ಈ ಗಿಡಗಳಿಗೆ ಬೇಡ. ಕಿಟಕಿಯ ಬಿಸಿಲಿಗೆ ಟ್ಯಾಂಕ್ ಇಟ್ಟರೆ ಪಾಚಿ ಕಟ್ಟುತ್ತದೆ. ಪಾಚಿ ಕಂಡರೆ ಮೊದಲು ಬೆಳಕಿನ ಅವಧಿ ತಗ್ಗಿಸಿ, ಮೀನಿಗೆ ಹಾಕುವ ಆಹಾರವನ್ನೂ ಕಡಿಮೆ ಮಾಡಿ.

ತಂದ ಗಿಡವನ್ನು ತೊಳೆದು, ಬಸವನಹುಳುವಿನ ಮೊಟ್ಟೆಯಿದ್ದರೆ ತೆಗೆದು, ಒಂದು ವಾರ ಬೇರೆ ಬಕೆಟ್‌ನಲ್ಲಿಡಿ. ಗಿಡ ನೆಟ್ಟ ಕೂಡಲೇ ಮೀನು ಬಿಡಬೇಡಿ. ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ; ಅವುಗಳ ಆಹಾರಕ್ಕೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿದ ಮೇಲೆ ಮೀನು ಬರಲಿ.

ಆಮೇಲೆ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಹಳದಿಯಾದ ಎಲೆ ಕತ್ತರಿಸಿ. ನಲ್ಲಿ ನೀರಿನ ಕ್ಲೋರಿನ್ ಮೀನಿಗೂ ಬ್ಯಾಕ್ಟೀರಿಯಾಕ್ಕೂ ವಿಷ. ಕ್ಲೋರಿನ್ ತೆಗೆಯುವ ದ್ರಾವಣದ ಹನಿ ಬೆರೆಸಿಯೇ ಸುರಿಯಿರಿ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ.

ಹೆಚ್ಚಾದ ಗಿಡವನ್ನು ಕೆರೆಗೋ ಚರಂಡಿಗೋ ಎಸೆಯಬೇಡಿ. ಸಾಲ್ವಿನಿಯಾ ಹೊರಗಿನಿಂದ ಬಂದು ಕೇರಳದ ಹಿನ್ನೀರುಗಳನ್ನೇ ಮುಚ್ಚಿದ ಕಳೆ. ಒಣಗಿಸಿ ಹೂಕುಂಡದ ಗೊಬ್ಬರಕ್ಕೆ ಹಾಕಿ, ಅಥವಾ ಇನ್ನೊಬ್ಬ ಮೀನುಪ್ರಿಯರಿಗೆ ಕೊಡಿ.