ಸಾಮಾಜಿಕ ಜಾಲತಾಣಗಳ ವಿಡಿಯೋಗಳನ್ನು ಉಳಿಸಿಕೊಳ್ಳುವಾಗ ಕೃತಿಸ್ವಾಮ್ಯ ಮತ್ತು ಅನುಮತಿ: ಸಾರ್ವಜನಿಕರಿಗೆ ಮಾಹಿತಿ

ಮುರ್ಡೇಶ್ವರ, ಭಟ್ಕಳ, ಹೊನ್ನಾವರ ಮತ್ತು ಕುಮಟಾ ಭಾಗದ ಯಕ್ಷಗಾನ ಮಂಡಳಿಗಳು, ಯುವಕ ಸಂಘಗಳು ಹಾಗೂ ಪ್ರವಾಸೋದ್ಯಮದಲ್ಲಿ ತೊಡಗಿರುವವರು ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮುಂತಾದವುಗಳಲ್ಲಿ ದೊರೆತ ವಿಡಿಯೋಗಳನ್ನು ಉಳಿಸಿಕೊಂಡು ತಮ್ಮ ಅರ್ಜಿ, ಜಾಹೀರಾತು ಹಾಗೂ ಸಭೆ ಸಮಾರಂಭಗಳಲ್ಲಿ ಬಳಸುವುದು ಈಗ ಸಾಮಾನ್ಯವಾಗಿದೆ. ಎಲ್ಲರೂ ನೋಡಬಹುದಾದ ವಿಡಿಯೋ ಎಲ್ಲರಿಗೂ ಸೇರಿದ್ದು ಎಂಬ ತಪ್ಪು ಭಾವನೆಯೇ ಇದಕ್ಕೆ ಕಾರಣವಾಗಿದೆ. ನೋಡಲು ಕೊಟ್ಟ ಅವಕಾಶವು ಪ್ರತಿ ಮಾಡಿಕೊಳ್ಳಲು ಅಥವಾ ಮರುಪ್ರಸಾರ ಮಾಡಲು ಕೊಟ್ಟ ಅನುಮತಿಯಾಗುವುದಿಲ್ಲ.

ಈ ವಿಷಯಕ್ಕೆ ಕೃತಿಸ್ವಾಮ್ಯ ಅಧಿನಿಯಮ, 1957 ಅನ್ವಯವಾಗುತ್ತದೆ. ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿದ ಎರಡು ನಿಮಿಷಗಳ ವಿಡಿಯೋ ಸಹ ಸದರಿ ಅಧಿನಿಯಮದ ದೃಷ್ಟಿಯಲ್ಲಿ ಚಲನಚಿತ್ರವೇ ಆಗಿರುತ್ತದೆ. 2012ರ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿಯ ನಂತರ, ಅದನ್ನು ವಿದ್ಯುನ್ಮಾನ ಮಾಧ್ಯಮದಲ್ಲಿ ಉಳಿಸಿಕೊಳ್ಳುವುದೂ ಕೃತಿಸ್ವಾಮ್ಯ ಹೊಂದಿದವರ ಹಕ್ಕಿನ ವ್ಯಾಪ್ತಿಗೆ ಸೇರಿದೆ.

ಸ್ವಂತ ಉಪಯೋಗಕ್ಕೆ ಉಳಿಸಿಕೊಳ್ಳುವುದು

ಖಾಸಗಿ ಉಪಯೋಗ, ಸಂಶೋಧನೆ, ವಿಮರ್ಶೆ ಮತ್ತು ಪ್ರಚಲಿತ ವಿದ್ಯಮಾನಗಳ ವರದಿಗಾಗಿ ನ್ಯಾಯಯುತವಾಗಿ ಬಳಸುವುದು ಕಲಂ 52ರ ಮೇರೆಗೆ ಉಲ್ಲಂಘನೆಯಲ್ಲ. ಈ ಉದ್ದೇಶಗಳಿಗಾಗಿ ಉಳಿಸಿಕೊಳ್ಳುವುದನ್ನೂ ಅಲ್ಲಿಯೇ ಸೇರಿಸಲಾಗಿದೆ. ವಿದ್ಯಾರ್ಥಿಯೊಬ್ಬನು ಹೆಜ್ಜೆಗಾರಿಕೆ ಕಲಿಯಲು ಹಿರಿಯ ಕಲಾವಿದರ ವಿಡಿಯೋವನ್ನು ತನ್ನಲ್ಲಿ ಇಟ್ಟುಕೊಂಡರೆ ಈ ರಕ್ಷಣೆ ದೊರೆಯಬಹುದು. ಅದನ್ನೇ ತನ್ನ ಚಾನೆಲ್‌ಗೆ ಏರಿಸಿದರೆ ಖಾಸಗಿ ಉಪಯೋಗ ಎಂಬ ರಕ್ಷಣೆ ಉಳಿಯುವುದಿಲ್ಲ.

ಜಾಲತಾಣದ ನಿಬಂಧನೆಗಳು ಬೇರೆಯೇ ವಿಷಯ. ತಾಣವೇ ಒದಗಿಸಿದ ಸೌಲಭ್ಯವಿಲ್ಲದೆ, ಅಥವಾ ಲಿಖಿತ ಅನುಮತಿಯಿಲ್ಲದೆ ವಿಡಿಯೋಗಳನ್ನು ಇಳಿಸಿಕೊಳ್ಳಬಾರದೆಂದು ಯೂಟ್ಯೂಬ್ ತನ್ನ ಬಳಕೆದಾರರಿಗೆ ಷರತ್ತು ವಿಧಿಸಿದೆ. ವಿಡಿಯೋ ಇಳಿಸಿಕೊಡುವ ಅನ್ಯ ತಾಣಗಳು ಇಂತಹ ಅನುಮತಿಯನ್ನು ಕೊಡಲಾರವು.

ಒಂದು ಆಟ, ಹಲವು ಹಕ್ಕುಗಳು

ಯಕ್ಷಗಾನ ಎಂಬ ಕಲಾಪ್ರಕಾರ ಯಾರೊಬ್ಬರ ಸ್ವತ್ತೂ ಅಲ್ಲ. ಪಾರ್ತಿಸುಬ್ಬನ ಪ್ರಸಂಗಗಳಾಗಲಿ, 1901ರಲ್ಲಿ ನಿಧನರಾದ ಮುದ್ದಣನ ‘ಕುಮಾರ ವಿಜಯ’ವಾಗಲಿ ಇಂದು ಕೃತಿಸ್ವಾಮ್ಯಕ್ಕೆ ಒಳಪಟ್ಟಿಲ್ಲ. ಆದರೆ ಹೊನ್ನಾವರ ಸೀಮೆಯಲ್ಲಿ ನಿನ್ನೆ ರಾತ್ರಿ ನಡೆದ ಬಡಗುತಿಟ್ಟಿನ ಆಟವೊಂದರ ವಿಡಿಯೋವನ್ನು ತೆಗೆದುಕೊಂಡರೆ ಅದರಲ್ಲಿ ಹಲವರ ಹಕ್ಕುಗಳು ಸೇರಿರುತ್ತವೆ. ಪ್ರಸಂಗ ಹೊಸದಾಗಿದ್ದಲ್ಲಿ ಕವಿಯ ಹಕ್ಕು ಆತನ ಜೀವಿತಾವಧಿ ಮತ್ತು ನಂತರದ 60 ವರ್ಷಗಳವರೆಗೆ ಇರುತ್ತದೆ. ಭಾಗವತರು, ಚೆಂಡೆ ಮದ್ದಳೆಯವರು ಹಾಗೂ ವೇಷಧಾರಿಗಳಿಗೆ ಪ್ರದರ್ಶಕರ ಹಕ್ಕು ಇದ್ದು, ಪ್ರದರ್ಶನ ನಡೆದ ಮರುವರ್ಷದ ಆರಂಭದಿಂದ 50 ವರ್ಷಗಳ ಕಾಲ ಅದು ಜಾರಿಯಲ್ಲಿರುತ್ತದೆ. ಹೀಗಾಗಿ 2010ರಲ್ಲಿ ನಡೆದ ಆಟಕ್ಕೆ ಸಂಬಂಧಿಸಿದ ಈ ಹಕ್ಕು 2060ರ ಡಿಸೆಂಬರ್ 31ರವರೆಗೆ ಇರುತ್ತದೆ. ಕಲಾವಿದರು ಈ ನಡುವೆ ನಿಧನರಾಗಿದ್ದರೂ ಅವಧಿ ಕಡಿಮೆಯಾಗುವುದಿಲ್ಲ. ಇವೆಲ್ಲದರ ಮೇಲೆ ವಿಡಿಯೋದ ಕೃತಿಸ್ವಾಮ್ಯವಿದ್ದು, ಅದರ ಅವಧಿ ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಸಮಿತಿಯು ಹಣ ಕೊಟ್ಟು ಚಿತ್ರೀಕರಣ ಮಾಡಿಸಿದ್ದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಮೊದಲ ಮಾಲೀಕತ್ವ ಸಮಿತಿಯದಾಗಿರುತ್ತದೆ, ಕ್ಯಾಮೆರಾ ಹಿಡಿದವರದಲ್ಲ.

ಪ್ರೇಕ್ಷಕರು ತಮ್ಮ ಖಾಸಗಿ ಉಪಯೋಗಕ್ಕೆ ಮಾಡಿಕೊಳ್ಳುವ ಚಿತ್ರೀಕರಣದಿಂದ ಪ್ರದರ್ಶಕರ ಹಕ್ಕಿಗೆ ಭಂಗ ಬರುವುದಿಲ್ಲ. ಅದೇ ಪ್ರೇಕ್ಷಕರು ಇಡೀ ಆಟವನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದರೆ ಮೇಳದವರು ಆಕ್ಷೇಪಿಸಬಹುದು. ಟಿಕೆಟ್ಟಿನ ಹಣವನ್ನೇ ನಂಬಿದ ಮೇಳಕ್ಕೆ ಇದರಿಂದಾಗುವ ನಷ್ಟ ಸಣ್ಣದೇನಲ್ಲ.

ಡಾ. ಶಿವರಾಮ ಕಾರಂತರ ಯಕ್ಷರಂಗದ ಪ್ರಕರಣ

ಸಾಂಪ್ರದಾಯಿಕ ಕಲೆಗೆ ಕೃತಿಸ್ವಾಮ್ಯವೆಲ್ಲಿಂದ ಬಂತು ಎಂಬ ಪ್ರಶ್ನೆಗೆ ಕರಾವಳಿಯಲ್ಲಿಯೇ ಹುಟ್ಟಿದ ಒಂದು ಮೊಕದ್ದಮೆ ಉತ್ತರ ನೀಡುತ್ತದೆ. ಡಾ. ಕೆ. ಶಿವರಾಮ ಕಾರಂತರು ಯಕ್ಷಗಾನವನ್ನು ಆಧರಿಸಿ ‘ಯಕ್ಷರಂಗ’ ಎಂಬ ಹೊಸ ನೃತ್ಯನಾಟಕ ರೂಪವನ್ನು ಸಿದ್ಧಪಡಿಸಿದ್ದರು. ಅವರು 1994ರ ಜೂನ್ 18ರಂದು ಉಯಿಲು ಬರೆದು 1997ರ ಡಿಸೆಂಬರ್ 9ರಂದು ನಿಧನರಾದರು. 2001ರ ಸೆಪ್ಟೆಂಬರ್ 18ರಂದು ನವದೆಹಲಿಯಲ್ಲಿ ‘ಅಭಿಮನ್ಯು ವಧೆ’ಯು ಈ ಶೈಲಿಯಲ್ಲಿ ಪ್ರದರ್ಶನಗೊಂಡಾಗ, ಉಯಿಲಿನ ಮೇರೆಗೆ ಹಕ್ಕು ತಮ್ಮದೆಂದು ಬಿ. ಮಾಲಿನಿ ಮಲ್ಯ ಅವರು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ವಿರುದ್ಧ ದಾವೆ ಹೂಡಿದರು.

ಸರ್ವೋಚ್ಚ ನ್ಯಾಯಾಲಯವು 2009ರ ಜನವರಿ 23ರ ತೀರ್ಪಿನಲ್ಲಿ ಕಾರಂತರ ರಚನೆಯನ್ನು ನಾಟಕ ಕೃತಿಯೆಂದು ಪರಿಗಣಿಸಿ, ಅದರ ಕೃತಿಸ್ವಾಮ್ಯ ಉಯಿಲಿನ ಮೂಲಕ ವಾದಿಗೆ ಬಂದಿರುವುದನ್ನು ಒಪ್ಪಿತು. ಅದೇ ಸಮಯದಲ್ಲಿ, ತಡೆಯಾಜ್ಞೆಯು ಕಲಂ 52ರ ವಿನಾಯಿತಿಗಳಿಗೆ ಅಡ್ಡಿಯಾಗಬಾರದೆಂದು ಅದನ್ನು ಮಾರ್ಪಡಿಸಿತು. ನ್ಯಾಯಯುತ ಬಳಕೆ, ಶಿಕ್ಷಣ ಸಂಸ್ಥೆಯೊಳಗೆ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ ನಡೆಸುವ ಪ್ರದರ್ಶನ, ಹವ್ಯಾಸಿ ಸಂಘಗಳು ಹಣ ಪಡೆಯದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ನಡೆಸುವ ಪ್ರದರ್ಶನ ಇವೇ ಆ ವಿನಾಯಿತಿಗಳು.

ಇಲ್ಲಿ ಒಂದು ಅಂಶವನ್ನು ಹಲವರು ಗಮನಿಸುವುದಿಲ್ಲ. ಹವ್ಯಾಸಿಗಳ ಉಚಿತ ಪ್ರದರ್ಶನಕ್ಕೆ ದೊರೆಯುವ ವಿನಾಯಿತಿಯು ರಂಗದ ಮೇಲಿನ ಪ್ರದರ್ಶನಕ್ಕೆ ಮಾತ್ರ ಸಂಬಂಧಿಸಿದ್ದು. ದೇವಸ್ಥಾನದ ಬಯಲಿನಲ್ಲಿ ಹೊಸ ಪ್ರಸಂಗವನ್ನು ಉಚಿತವಾಗಿ ಆಡಿದವರು, ಅದರ ವಿಡಿಯೋವನ್ನು ಜಾಲತಾಣಕ್ಕೆ ಏರಿಸುವ ಮುನ್ನ ಪ್ರಸಂಗಕರ್ತರನ್ನು ಕೇಳತಕ್ಕದ್ದು.

ಮುರ್ಡೇಶ್ವರದ ಶಿವನ ವಿಗ್ರಹ, ನೇತ್ರಾಣಿಯ ಕಡಲು

ಮುರ್ಡೇಶ್ವರದ 123 ಅಡಿ ಎತ್ತರದ ಶಿವನ ವಿಗ್ರಹದಂತೆ ಸಾರ್ವಜನಿಕರಿಗೆ ಪ್ರವೇಶವಿರುವ ಸ್ಥಳದಲ್ಲಿ ಶಾಶ್ವತವಾಗಿ ನೆಲೆಗೊಂಡ ಶಿಲ್ಪದ ಛಾಯಾಚಿತ್ರ ತೆಗೆಯಲು ಅಥವಾ ವಿಡಿಯೋದಲ್ಲಿ ಅದನ್ನು ಸೇರಿಸಲು ಶಿಲ್ಪದ ಕೃತಿಸ್ವಾಮ್ಯ ಅಡ್ಡಬರುವುದಿಲ್ಲ. ಆದರೆ ಬೇರೊಬ್ಬರು ಚಿತ್ರೀಕರಿಸಿದ ಅದೇ ವಿಗ್ರಹದ ವಿಡಿಯೋ ಅವರದು. ನೇತ್ರಾಣಿ ದ್ವೀಪದ ಬಳಿ ಪ್ರವಾಸಿಯೊಬ್ಬರು ನೀರಿನಡಿಯಲ್ಲಿ ತೆಗೆದ ವಿಡಿಯೋವನ್ನು ಇನ್‌ಸ್ಟಾಗ್ರಾಂನಿಂದ ಉಳಿಸಿಕೊಂಡು ವಸತಿಗೃಹದ ಜಾಹೀರಾತಿಗೆ ಬಳಸಿದರೆ ಅದು ವ್ಯಾಪಾರದ ಬಳಕೆಯಾಗುತ್ತದೆ. ಖಾಸಗಿ ಉಪಯೋಗವೆಂಬ ಸಮಜಾಯಿಷಿ ನಿಲ್ಲುವುದಿಲ್ಲ. ಸ್ವತಃ ಚಿತ್ರೀಕರಿಸಿಕೊಳ್ಳುವುದೇ ಇಲ್ಲಿ ಸುಲಭದ ದಾರಿ.

‘ಕೃಪೆ: ಅಂತರಜಾಲ’ ಎಂದು ಕೆಳಗೆ ಬರೆಯುವ ರೂಢಿಯಿಂದ ಅನುಮತಿ ಪಡೆದಂತೆ ಆಗುವುದಿಲ್ಲ. ಅಂತರಜಾಲ ಯಾರ ಹೆಸರೂ ಅಲ್ಲ. ಮೂಲ ವಿಡಿಯೋದಲ್ಲಿರುವ ಹಕ್ಕುದಾರರ ಗುರುತನ್ನು ತಿಳಿದೂ ಅಳಿಸುವುದು ಕಲಂ 65ಬಿ ಮೇರೆಗೆ ಪ್ರತ್ಯೇಕ ಅಪರಾಧವಾಗಿದ್ದು, ಎರಡು ವರ್ಷಗಳವರೆಗೆ ಕಾರಾವಾಸ ಮತ್ತು ದಂಡಕ್ಕೆ ಅವಕಾಶವಿದೆ.

ಅನುಮತಿ ಪಡೆಯುವ ವಿಧಾನ

ಅನುಮತಿಯು ಲಿಖಿತವಾಗಿರತಕ್ಕದ್ದು. ಕಾಗದದ ಪತ್ರವೇ ಆಗಬೇಕೆಂದಿಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ವಿದ್ಯುನ್ಮಾನ ದಾಖಲೆಗಳಿಗೂ ಮಾನ್ಯತೆ ನೀಡಿರುವುದರಿಂದ ಇ-ಮೇಲ್ ಮೂಲಕವೂ ಪಡೆಯಬಹುದು, ಆದರೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಯಾವ ವಿಡಿಯೋ, ಎಷ್ಟು ಭಾಗ, ಎಲ್ಲಿ, ಯಾವ ಉದ್ದೇಶಕ್ಕೆ, ಎಷ್ಟು ಕಾಲ, ಸಂಭಾವನೆ ಎಷ್ಟು ಅಥವಾ ಉಚಿತವೇ ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಅವಧಿ ನಮೂದಿಸದಿದ್ದಲ್ಲಿ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದಲ್ಲಿ ಭಾರತವೆಂದೂ ಭಾವಿಸಲಾಗುತ್ತದೆ. ವಿಡಿಯೋ ಕಳುಹಿಸಿದ ಗುಂಪಿನ ಸದಸ್ಯರು ಅನುಮತಿ ನೀಡಲು ಅಧಿಕಾರ ಹೊಂದಿರುವುದಿಲ್ಲ. ಮೊದಲು ಏರಿಸಿದವರನ್ನು ಹುಡುಕಬೇಕು, ಅವರೇ ಮಾಲೀಕರೇ ಎಂದು ವಿಚಾರಿಸಬೇಕು. ಇದು ತುಸು ಶ್ರಮದ ಕೆಲಸವೇ ಸರಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಪ್ರಕಟವಾದ ವಿಡಿಯೋಗಳನ್ನು ಆ ಪರವಾನಗಿಯ ಷರತ್ತಿನಂತೆ ಹೆಸರು ಸೂಚಿಸಿ ಬಳಸಬಹುದು.

ಅರ್ಜಿಯೊಂದಿಗೆ ಸಂಸ್ಥೆಯ ಚಟುವಟಿಕೆಯೆಂದು ವಿಡಿಯೋ ಲಗತ್ತಿಸುವವರು ಅದು ತಮ್ಮದೇ ಕಾರ್ಯಕ್ರಮದ್ದೆಂದು ಖಚಿತಪಡಿಸಿಕೊಳ್ಳುವುದು ಸೂಕ್ತ. ಬೇರೆ ಮೇಳದ ಪ್ರದರ್ಶನವನ್ನು ತಮ್ಮದೆಂದು ತೋರಿಸಿದಲ್ಲಿ ಅನುಮತಿಯ ಪ್ರಶ್ನೆಯ ಜೊತೆಗೆ ತಪ್ಪು ಮಾಹಿತಿಯ ಪ್ರಶ್ನೆಯೂ ಏಳುತ್ತದೆ.

ಹಕ್ಕಿಗೆ ಧಕ್ಕೆಯಾದಲ್ಲಿ

ತಿಳಿದೂ ಕೃತಿಸ್ವಾಮ್ಯ ಉಲ್ಲಂಘಿಸಿದವರಿಗೆ ಕಲಂ 63ರ ಮೇರೆಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಕಾರಾವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಬಹುದು. ವ್ಯಾಪಾರದ ಲಾಭಕ್ಕಾಗಿ ಮಾಡಿರದಿದ್ದಲ್ಲಿ ನ್ಯಾಯಾಲಯವು ಕಾರಣ ದಾಖಲಿಸಿ ಶಿಕ್ಷೆಯನ್ನು ಕಡಿಮೆ ಮಾಡಬಹುದು.

ತಮ್ಮ ವಿಡಿಯೋವನ್ನು ಇತರರು ಏರಿಸಿರುವುದು ಕಂಡುಬಂದಲ್ಲಿ ಮಾಲೀಕರು ಮೊದಲು ಜಾಲತಾಣಕ್ಕೆ ಲಿಖಿತ ದೂರು ಸಲ್ಲಿಸಬಹುದು. ಕೃತಿಸ್ವಾಮ್ಯ ನಿಯಮಗಳು, 2013ರ ನಿಯಮ 75ರಂತೆ, ದೂರಿನ ವಿವರಗಳು ತೃಪ್ತಿಕರವಾಗಿದ್ದಲ್ಲಿ ತಾಣವು 36 ಗಂಟೆಗಳೊಳಗೆ ಆ ವಿಡಿಯೋ ದೊರೆಯದಂತೆ ಕ್ರಮ ಕೈಗೊಂಡು, 21 ದಿನಗಳವರೆಗೆ ಅಥವಾ ನ್ಯಾಯಾಲಯದ ಆದೇಶ ಬರುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ತಡೆಹಿಡಿಯಬೇಕಾಗುತ್ತದೆ. ಈ ಅವಧಿಯಲ್ಲಿ ನ್ಯಾಯಾಲಯದ ಆದೇಶ ತಂದು ಒಪ್ಪಿಸದಿದ್ದಲ್ಲಿ ತಾಣವು ವಿಡಿಯೋವನ್ನು ಪುನಃ ತೆರೆಯಬಹುದು. ಆದುದರಿಂದ ದೂರು ನೀಡಿದ ದಿನವೇ ಮೂಲ ಕಡತ, ಚಿತ್ರೀಕರಣದ ದಿನಾಂಕ ಮತ್ತು ಒಪ್ಪಂದದ ಪ್ರತಿಗಳನ್ನು ತೆಗೆದಿಟ್ಟುಕೊಳ್ಳತಕ್ಕದ್ದು. ಕೃತಿಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ. ಬಯಸುವವರು ನವದೆಹಲಿಯ ಕೃತಿಸ್ವಾಮ್ಯ ಕಚೇರಿಗೆ ಆನ್‌ಲೈನ್ ಮೂಲಕವೂ ಅರ್ಜಿ ಸಲ್ಲಿಸಬಹುದಾಗಿದೆ.