ಎತ್ತು ಎಷ್ಟು ಹೊತ್ತೀತು, ಸುದ್ದಿ ಎಷ್ಟು ಓಡೀತು?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಅಸುಂಡಿಯ ರೈತರೊಬ್ಬರು ದಾರಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. "ಮಾಸ್ತರ, ನಮ್ಮ ಹುಡುಗಗ ನೀವರ ಒಂದ್ ಮಾತ್ ಹೇಳ್ರಿ. ಮೂರ ದಿನಾ ಆತು, ಆ ಕಂಪ್ಯೂಟರ್ ಮುಂದಿಂದ ಎದ್ದಿಲ್ಲ" ಎಂದರು. ಹುಡುಗ ನನ್ನ ವಿದ್ಯಾರ್ಥಿಯೇ. ಹತ್ತನೆಯ ತರಗತಿ ಮುಗಿಸಿದವನು. ಬುದ್ಧಿ ಹೇಳಲೆಂದು ಹೋದ ನಾನು ಎರಡು ತಾಸು ಅವನ ಪಕ್ಕದಲ್ಲೇ ಕುಳಿತುಬಿಟ್ಟೆ. ಈ ಸಂಗತಿಯನ್ನು ಅವನ ತಂದೆಗೆ ಇನ್ನೂ ಪೂರ್ತಿ ಹೇಳಿಲ್ಲ.

ಪರದೆಯ ಮೇಲೆ ಇಡೀ ಜಗತ್ತಿನ ನಕಾಶೆ ಹರಡಿತ್ತು. ಆಟದ ಹೆಸರು 'ಯೂರೋಪಾ ಯೂನಿವರ್ಸಾಲಿಸ್', ನಾಲ್ಕನೆಯ ಆವೃತ್ತಿ. ಸ್ವೀಡನ್ ದೇಶದ ಪ್ಯಾರಡಾಕ್ಸ್ ಸಂಸ್ಥೆ 2013ರಲ್ಲಿ ಹೊರತಂದದ್ದು. ಆಟ ಶುರುವಾಗುವುದು 1444ರ ನವೆಂಬರ್ 11ರಂದು. ಆಗ ವಿಜಯನಗರದ ಸಿಂಹಾಸನದ ಮೇಲಿದ್ದವನು ಇಮ್ಮಡಿ ದೇವರಾಯ. ನಮ್ಮ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಕುಮಾರವ್ಯಾಸ ಭಾರತ ಬರೆದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಎಂದು ಬಹಳ ಮಂದಿ ವಿದ್ವಾಂಸರು ಹೇಳುತ್ತಾರೆ. ಹುಡುಗ ಆರಿಸಿಕೊಂಡದ್ದು ವಿಜಯನಗರವನ್ನು.

"ಸರ, ನಾ ತಾಳಿಕೋಟಿ ಯುದ್ಧಾನ ಆಗಾಕ ಬಿಡಲಿಲ್ರಿ. ಬಹಮನಿ ಮಂದೀನ ಮೊದ್ಲ ಮುಗಿಸಿದೆ" ಎಂದ. 1565 ದಾಟಿದರೂ ಅವನ ಹಂಪಿ ಸುರಕ್ಷಿತವಾಗಿತ್ತು. ಅವನ ಬಣ್ಣ ದಿಲ್ಲಿಯವರೆಗೂ ಹಬ್ಬಿತ್ತು. ನನಗೂ ಒಳಗೊಳಗೇ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೂ ಮಾಸ್ತರನ ಚಾಳಿ ಬಿಡಬೇಕಲ್ಲ, ಕೇಳಿದೆ: "ನಿನ್ನ ದಂಡಿನ್ಯಾಗ ನಲವತ್ತು ಸಾವಿರ ಮಂದಿ ಅದಾರ. ರಾಯಚೂರಿನಿಂದ ಬೀದರಕ್ಕ ಹೊಂಟಾರ. ಏನ್ ತಿಂತಾರಪಾ?"

"ಅದನ್ನ ಆಟಾನ ನೋಡ್ಕೋತೈತ್ರಿ ಸರ."

ಈ ಉತ್ತರ ನನ್ನನ್ನು ಬಹಳ ದಿನ ಕಾಡಿತು.

ಇಂಥ ಆಟಗಳಿಗೆ 'ಗ್ರ್ಯಾಂಡ್ ಸ್ಟ್ರಾಟೆಜಿ' ಎನ್ನುತ್ತಾರೆ. ನಾವು ರಾಜ್ಯಭಾರದ ಆಟ ಎನ್ನೋಣ. ಗುಂಡು ಹಾರಿಸುವ ಆಟಗಳಿಗೂ ಇವಕ್ಕೂ ಸಂಬಂಧವಿಲ್ಲ. ಹಣ ಕಟ್ಟಿ ಆಡುವ ಆಟಗಳಿಗಂತೂ ಮೊದಲೇ ಇಲ್ಲ. ಅಂಥವನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ. ತಂದೆತಾಯಿಗಳು ಬೈಯುವ ಮೊದಲು ಈ ವ್ಯತ್ಯಾಸವನ್ನಾದರೂ ತಿಳಿದಿರಬೇಕು. ತೆರಿಗೆ, ವ್ಯಾಪಾರ, ಮದುವೆ ಸಂಬಂಧ, ಒಪ್ಪಂದ, ದಂಗೆ ಇವೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಇದೇ ಆಟದ ಐದನೆಯ ಆವೃತ್ತಿ 2025ರ ನವೆಂಬರಿನಲ್ಲಿ ಬಂದಿದ್ದು, ಅದರಲ್ಲಿ ಜನಸಂಖ್ಯೆ ಮತ್ತು ಆಹಾರದ ಲೆಕ್ಕವನ್ನೂ ಸೇರಿಸಿದ್ದಾರೆ. ಅಂದರೆ ಆಟ ಮಾಡುವವರೂ ಇದೇ ದಿಕ್ಕಿನಲ್ಲಿ ಯೋಚಿಸುತ್ತಿದ್ದಾರೆ. ಹಾಗಾದರೆ ಮುಂದಿನ ಆಟಕ್ಕೆ ನಮ್ಮ ಗದಗ ಸೀಮೆ ಏನು ಕೊಡಬಹುದು?

ಮೊದಲು ಎತ್ತಿನಿಂದ ಶುರು ಮಾಡೋಣ. ವಿದ್ಯಾರ್ಥಿಗಳು ಪೆನ್ಸಿಲ್ ತೆಗೆದುಕೊಳ್ಳಲಿ. ಹತ್ತು ಸಾವಿರ ಸೈನಿಕರ ದಂಡು. ತಲೆಗೆ ದಿನಕ್ಕೆ ಒಂದು ಕಿಲೋ ಜೋಳ ಎಂದಿಟ್ಟುಕೊಂಡರೆ ದಿನಕ್ಕೆ ಹತ್ತು ಟನ್. ಹೇರಿನ ಎತ್ತೊಂದು ಬೆನ್ನ ಮೇಲೆ ನೂರು ಕಿಲೋ ಹೊರುತ್ತದೆ ಎನ್ನೋಣ. ಒಂದು ದಿನದ ಊಟಕ್ಕೆ ನೂರು ಎತ್ತು, ಒಂದು ತಿಂಗಳಿಗೆ ಮೂರು ಸಾವಿರ ಎತ್ತು! ಎರಡು ಸಾವಿರ ಕುದುರೆಗಳಿದ್ದು, ಒಂದೊಂದಕ್ಕೂ ದಿನಕ್ಕೆ ಐದು ಕಿಲೋ ಹುರುಳಿ ಬೇಕೆಂದರೆ ಇನ್ನೂ ಮೂರು ಸಾವಿರ. ಮಳೆಯಾಗಿ ದಾರಿಯಲ್ಲಿ ಹುಲ್ಲಿದ್ದರೆ ಎತ್ತು ಮೇಯ್ದುಕೊಂಡು ನಡೆಯುತ್ತದೆ. ಮಳೆ ಹೋಯಿತೋ, ಅದರ ಮೇವನ್ನೂ ಅದೇ ಹೊರಬೇಕು. ದಿನಕ್ಕೆ ಐದು ಕಿಲೋ ತಿಂದರೂ ಇಪ್ಪತ್ತನೆಯ ದಿನಕ್ಕೆ ಹೊತ್ತದ್ದನ್ನೆಲ್ಲ ತಾನೇ ತಿಂದು ಮುಗಿಸಿರುತ್ತದೆ. ದಂಡಿಗೆ ಒಂದು ಕಾಳೂ ಸಿಗುವುದಿಲ್ಲ. ರಾಜನ ಶೌರ್ಯದ ಎಲ್ಲೆಯನ್ನು ಹೀಗೆ ಎತ್ತಿನ ಹೊಟ್ಟೆ ಗೊತ್ತುಮಾಡುತ್ತದೆ.

ಇದು ಬರೀ ಹಲಗೆಯ ಮೇಲಿನ ಲೆಕ್ಕವಲ್ಲ. 1791ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿಯೂ ಕೋಟೆಗೆ ಮುತ್ತಿಗೆ ಹಾಕಲಾಗದೆ ಹಿಂದಿರುಗಿದ. ಎತ್ತುಗಳು ಸತ್ತಿದ್ದವು, ದವಸ ತೀರಿತ್ತು. ಎಳೆಯುವವರಿಲ್ಲದ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಾಕಿದ. ಮರುವರ್ಷ ತಿರುಗಿ ಬಂದಾಗ ದವಸದ ವ್ಯವಸ್ಥೆ ಭದ್ರವಾಗಿತ್ತು. ಅದರಲ್ಲಿ ಸಾವಿರಾರು ಹೇರೆತ್ತುಗಳೊಂದಿಗೆ ನಡೆದ ಬಂಜಾರರ ಪಾಲು ದೊಡ್ಡದು. ಮುಂಡರಗಿ, ಶಿರಹಟ್ಟಿಯ ಕಡೆಯ ತಾಂಡಾಗಳಲ್ಲಿರುವ ನಮ್ಮ ಲಂಬಾಣಿ ಮಕ್ಕಳ ಪೂರ್ವಜರು ಇಂಥ ಕೆಲಸ ಮಾಡಿದವರು. ಮೊಗಲರ ದಂಡಿಗೂ ದವಸ ಹೊತ್ತು ತಂದವರು ಅವರೇ. ಯಾವ ಆಟದಲ್ಲೂ ರಾಜನಾಗಬಹುದು, ಸುಲ್ತಾನನಾಗಬಹುದು. ತಾಂಡಾದ ನಾಯಕನಾಗಿ, ಎರಡೂ ಕಡೆಯ ದಂಡುಗಳ ನಡುವೆ ಕಾಳು, ಉಪ್ಪು ಸಾಗಿಸುತ್ತ, ಯಾರಿಗೆ ಮಾರಬೇಕು, ಯಾವ ದಾರಿಯಲ್ಲಿ ನೀರಿದೆ ಎಂದು ತಲೆ ಕೆಡಿಸಿಕೊಳ್ಳುವ ಆಟ ಬಂದರೆ ನಾನಂತೂ ಆಡುತ್ತೇನೆ.

ಅದೇ 1791-92ರಲ್ಲಿ ಧಾರವಾಡ ಸೀಮೆ ಭೀಕರ ಬರಕ್ಕೆ ತುತ್ತಾಯಿತು. ಮಳೆ ಹೋದದ್ದರ ಜೊತೆಗೆ ದಂಡುಗಳ ಓಡಾಟವೂ ಸೇರಿತ್ತು. ಹೆಣ ಹೂಳುವವರಿಲ್ಲದೆ ಬಯಲಿನಲ್ಲಿ ಉಳಿದ ತಲೆಬುರುಡೆಗಳಿಂದಲೇ ಆ ಬರಕ್ಕೆ ಹೆಸರು ಬಂತು. ಆಟದಲ್ಲಿ ದಂಡು ಹಾದುಹೋದ ಊರಿನ ಮೇಲೆ ಒಂದು ಸಣ್ಣ ಅಂಕಿ ಇಳಿಯುತ್ತದೆ, ನಾಲ್ಕು ವರ್ಷದಲ್ಲಿ ಮತ್ತೆ ಏರುತ್ತದೆ. ಹುಡುಗ ಅದನ್ನು ನೋಡುವುದೂ ಇಲ್ಲ.

ಎರಡನೆಯದು ಸುದ್ದಿಯ ವೇಗ. ನಾನು ನೋಡಿದ ಆಟಗಳಲ್ಲಿ ಆಟಗಾರ ದೇವರಂತೆ ಮೇಲೆ ಕುಳಿತಿರುತ್ತಾನೆ. ತನ್ನ ಗಡಿಯಲ್ಲಿ ಏನು ನಡೆದರೂ ಆ ಗಳಿಗೆಯಲ್ಲೇ ಗೊತ್ತಾಗುತ್ತದೆ. ನಮ್ಮ ಜಿಲ್ಲೆಯ 1858ರ ಕಥೆಯನ್ನು ನೋಡಿ. ದತ್ತಕಕ್ಕೆ ಕಂಪನಿ ಸರಕಾರ ಒಪ್ಪದ್ದರಿಂದ ನರಗುಂದದ ಬಾಬಾಸಾಹೇಬರು ಕುದಿಯುತ್ತಿದ್ದರು. ಇತ್ತ ಮುಂಡರಗಿ ಭೀಮರಾಯರು ಸಿದ್ಧತೆ ನಡೆಸಿದ್ದರು. ಹಮ್ಮಿಗಿಯಲ್ಲಿ ಬಚ್ಚಿಟ್ಟ ಆಯುಧಗಳ ಸುಳಿವು ಸರಕಾರಕ್ಕೆ ಸಿಕ್ಕಿದ್ದರಿಂದ ಭೀಮರಾಯರು ಮೇ ತಿಂಗಳ ಕೊನೆಯಲ್ಲಿ ಅವಸರದಲ್ಲಿ ಏಳಬೇಕಾಯಿತು. ಡಂಬಳದ ಖಜಾನೆಗೆ ಕೈಹಾಕಿ ಕೊಪ್ಪಳದ ಕೋಟೆ ಸೇರಿದರು. ಅದೇ ದಿನಗಳಲ್ಲಿ ನರಗುಂದದವರು ಸುರೇಬಾನದ ಹತ್ತಿರ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದರು. ಜೂನ್ 1ರಂದು ಕೊಪ್ಪಳದಲ್ಲಿ ಭೀಮರಾಯರು ಮಡಿದರು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಎಲ್ಲ ಸೇರಿ ಮೂರು ವಾರವೂ ಆಗಲಿಲ್ಲ.

ಗದಗಿನ ಮೇಲೆ ಹಾದರೆ ಮುಂಡರಗಿಯಿಂದ ನರಗುಂದಕ್ಕೆ ಸುಮಾರು ತೊಂಬತ್ತು ಕಿಲೋಮೀಟರ್. ಸವಾರ ತಾಸಿಗೆ ಎಂಟು ಕಿಲೋಮೀಟರ್ ನಿಲ್ಲದೆ ಓಡಿದರೂ ಹನ್ನೊಂದು ತಾಸು ದಾಟುತ್ತದೆ. ಅಷ್ಟರಲ್ಲಿ ಅವನು ಹೊತ್ತ ಸುದ್ದಿ ಹಳಸಿರುತ್ತದೆ. ಕಂಪನಿಯವರ ಕೈಯಲ್ಲಿ ಆಗಲೇ ತಂತಿ ಇತ್ತು. ಭವಿಷ್ಯದ ಆಟದಲ್ಲಿ ನಕಾಶೆಯ ದೂರದ ಭಾಗ ಮಸುಕಾಗಿರಬೇಕು, ಮೂರು ದಿನದ ಹಿಂದಿನ ಸ್ಥಿತಿಯನ್ನೇ ತೋರಿಸಬೇಕು. ಕೊಟ್ಟ ಆಜ್ಞೆ ಕುದುರೆಯ ವೇಗದಲ್ಲೇ ಹೋಗಬೇಕು, ನಡುವೆ ಸಿಕ್ಕಿಯೂ ಬೀಳಬಹುದು. ಸೂರ್ಯನ ಬೆಳಕು ನಮಗೆ ಮುಟ್ಟಲು ಎಂಟು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು, ನಾವು ಕಾಣುವುದು ಆಗಿನ ಸೂರ್ಯನನ್ನು ಎಂದು ತರಗತಿಯಲ್ಲಿ ಹೇಳುತ್ತೇನಲ್ಲ, ಇದೂ ಅಂಥದೇ. ಹೀಗೆ ಆಡಿದ ಹುಡುಗ ಭೀಮರಾಯರು ಅವಸರ ಮಾಡಿ ಕೆಟ್ಟರು ಎಂದು ಪರೀಕ್ಷೆಯಲ್ಲಿ ಬರೆಯುವ ಮೊದಲು ಎರಡು ಸಲ ಯೋಚಿಸುತ್ತಾನೆ.

ಇನ್ನು ಗೆಲುವು ಎಂದರೇನು? ಇಂಥ ಆಟಗಳಲ್ಲಿ ಹುಡುಗರ ಕಣ್ಣೆಲ್ಲ ನಕಾಶೆಗೆ ಬಣ್ಣ ಬಳಿಯುವುದರ ಮೇಲೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಹಕಾರ ಕಾಯ್ದೆ ಬಂದದ್ದು ಅದರ ಹಿಂದಿನ ವರ್ಷ. ದೇಶದ ಸಹಕಾರ ಚಳವಳಿ ತನ್ನ ಮೊದಲ ಹೆಜ್ಜೆಗಳನ್ನು ಇಟ್ಟದ್ದು ಈ ಹಳ್ಳಿಯಲ್ಲಿ. ಒಂದಿಂಚು ನೆಲ ಗೆಲ್ಲದೆ ಒಂದು ಊರು ಸಾಲಿನಿಂದ ಸಾಲಿಗೆ ಸಾಲದ ಹೊರೆ ಇಳಿಸಿಕೊಳ್ಳುವುದನ್ನು ಆಟವಾಗಿಸಲು ಸಾಧ್ಯವಿಲ್ಲವೇ? ಖಂಡಿತ ಸಾಧ್ಯ, ಆದರೆ ಬೇಸರ ಬಾರದಂತೆ ಮಾಡುವುದು ಕಷ್ಟ. ಆ ಕಷ್ಟವನ್ನು ಬಿಡಿಸುವ ಹುಡುಗ ಹುಡುಗಿಯರಿಗೆ ಮುಂದೆ ಕೆಲಸವೂ ಇದೆ. ನಮ್ಮ ರಾಜ್ಯ ಅನಿಮೇಶನ್, ಗೇಮಿಂಗ್ ಉದ್ಯಮಕ್ಕೆಂದೇ 2012ರಿಂದ ನೀತಿ ಮಾಡುತ್ತ ಬಂದಿದೆ.

ಇದಕ್ಕೆಲ್ಲ ಈಗಲೇ ಕಂಪ್ಯೂಟರ್ ಬೇಡ. ಒಂದು ನಕಾಶೆ, ಒಂದು ನೋಟ್‌ಬುಕ್, ನಾಲ್ಕು ಕವಡೆ ಸಾಕು. ಚೌಕಾಬಾರದಂತೆ ಕವಡೆ ಹಾಕಿ ಆ ವರ್ಷದ ಮಳೆ ಗೊತ್ತುಮಾಡಿ. ಅಂಗಾತ ಬೀಳುವ, ಬೋರಲು ಬೀಳುವ ಸಾಧ್ಯತೆ ಸಮವಾಗಿದ್ದರೆ ನಾಲ್ಕೂ ಬೋರಲು ಬೀಳುವುದು ಹದಿನಾರಕ್ಕೆ ಒಂದು ಸಲ, ಅದೇ ಬರ. ಆದರೆ ಕವಡೆ ನಾಣ್ಯದಂತೆ ಸಮ ಅಲ್ಲ. ನೂರು ಸಲ ಹಾಕಿ ಬರೆದಿಟ್ಟು ನಿಜವಾದ ಪ್ರಮಾಣ ಕಂಡುಹಿಡಿಯಿರಿ.

ನಮ್ಮ ಹುಡುಗ ಹಾಗೆಯೇ ಮಾಡಿದ. ಹದಿನೈದು ದಿನ ಬಿಟ್ಟು ನೋಟ್‌ಬುಕ್ ಹಿಡಿದು ಮನೆಗೆ ಬಂದ. ಜೊತೆಗೆ ಎಂಟನೆಯ ತರಗತಿಯ ತಂಗಿಯೂ ಇದ್ದಳು. ಆಟದ ಮೂರನೆಯ ವರ್ಷವೇ ಕವಡೆ ನಾಲ್ಕೂ ಬೋರಲು ಬಿದ್ದು ಅವನ ದಂಡು ಮುಳಗುಂದದ ಹತ್ತಿರ ಕರಗಿಹೋಗಿತ್ತಂತೆ. ತಂಗಿಯ ಊರು ಉಳಿದಿತ್ತು. ಅವಳು ಮೊದಲ ವರ್ಷದ ಜೋಳವನ್ನು ಹಗೇವಿನಲ್ಲಿ ತುಂಬಿಟ್ಟಿದ್ದಳು.

"ಹಗೇವು ನಿಯಮದಾಗ ಇರಲೇ ಇಲ್ರಿ ಸರ, ನಡುವ ತಂದು ತುರುಕ್ಯಾಳ" ಎಂದು ಅವನ ದೂರು. "ಅಜ್ಜಿ ಮನಿ ಅಂಗಳದಾಗ ಇತ್ತಲ್ರಿ ಸರ, ನಿಯಮದಾಗ ಯಾಕಿರಬಾರ್ದು?" ಎಂದು ಅವಳ ವಾದ. ಬರಗಾಲದಲ್ಲಿ ಆ ಹಗೇವನ್ನು ಯಾರು ತೆಗೆಯಬೇಕು, ಊರವರೋ, ದಂಡಿನವರೋ ಎಂಬುದರ ಮೇಲೆ ಇಬ್ಬರಿಗೂ ಇನ್ನೂ ಒಮ್ಮತವಾಗಿಲ್ಲ. ನೋಟ್‌ಬುಕ್ಕಿನಲ್ಲಿ ಆ ಪುಟವನ್ನು ಖಾಲಿ ಬಿಟ್ಟಿದ್ದಾರೆ.