ಶಿಲುಬೆಗೆ ನೇರಳೆ ಬಟ್ಟೆ ಏಕೆ?

ನನ್ನ ಗೆಳತಿಯ ಅಮ್ಮ ಟೈಲರ್. ಹೋದ ಮಾರ್ಚಿನಲ್ಲಿ ಅವರ ಮನೆಗೆ ಹೋದಾಗ ನೇರಳೆ ಬಟ್ಟೆ ಹೊಲಿಯುತ್ತಿದ್ದರು. "ಇದು ಯಾರ ಲಂಗಕ್ಕೆ?" ಅಂತ ಕೇಳಿದೆ. "ಲಂಗಕ್ಕಲ್ಲ, ಚರ್ಚಿನ ಶಿಲುಬೆಗೆ" ಅಂತ ನಕ್ಕರು.

ಈಸ್ಟರ್ ಹಬ್ಬದ ಮುಂಚೆ ಕ್ರೈಸ್ತರಿಗೆ 40 ದಿನ ತಪಸ್ಸು ಕಾಲ. ಭಾನುವಾರಗಳು ಲೆಕ್ಕಕ್ಕಿಲ್ಲ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಶುರು ಮಾಡುತ್ತಾರೆ. ಆಗ ಕ್ಯಾಥೊಲಿಕ್ ಚರ್ಚಿನಲ್ಲಿ ಫಾದರ್ ಪೂಜೆಗೆ ನೇರಳೆ ನಿಲುವಂಗಿ ಹಾಕುತ್ತಾರೆ. ಅದು ಪಶ್ಚಾತ್ತಾಪದ ಬಣ್ಣ.

ಕೊನೆಯ ಎರಡು ವಾರ ಹಲವು ಚರ್ಚುಗಳಲ್ಲಿ ಶಿಲುಬೆ, ಪ್ರತಿಮೆಗಳನ್ನು ನೇರಳೆ ಬಟ್ಟೆಯಿಂದ ಮುಚ್ಚುತ್ತಾರೆ. ನಮ್ಮ ದೇವಸ್ಥಾನದಲ್ಲಿ ನೈವೇದ್ಯದ ಹೊತ್ತಿಗೆ ಪರದೆ ಎಳೆದರೆ ಯಾವಾಗ ತೆಗೆಯುತ್ತಾರೋ ಅಂತ ಕಾಯುತ್ತೇವಲ್ಲ, ಹಾಗೇ ಅವರೂ ಕಾಯುತ್ತಾರೆ. ಶಿಲುಬೆಯ ಬಟ್ಟೆಯನ್ನು ಶುಭ ಶುಕ್ರವಾರ ತೆಗೆಯುತ್ತಾರೆ. ಅವತ್ತು ಫಾದರ್ ಬಟ್ಟೆ ಕೆಂಪು, ಅಂದರೆ ರಕ್ತದ ಗುರುತು. ಬಲಿಪೀಠದ ಮೇಲೆ ಮಾತ್ರ ಏನೂ ಹಾಸಿರುವುದಿಲ್ಲ. ಈಸ್ಟರ್‌ಗೆ ಎಲ್ಲಾ ಬಿಳಿ.

ಹಿಂದೆ ನೇರಳೆ ರಾಜರ ಬಣ್ಣವಾಗಿತ್ತು. ಅದನ್ನು ಸಮುದ್ರದ ಬಸವನಹುಳುವಿನಿಂದ ತೆಗೆಯುತ್ತಿದ್ದರು. 1909ರಲ್ಲಿ ಒಬ್ಬ ವಿಜ್ಞಾನಿಗೆ 12,000 ಹುಳುಗಳಿಂದ ಸಿಕ್ಕಿದ್ದು ಬರೀ 1.4 ಗ್ರಾಂ ಬಣ್ಣ! ಸೈನಿಕರು ಯೇಸುವಿಗೆ ಇಂಥ ನಿಲುವಂಗಿ ತೊಡಿಸಿ, ಮುಳ್ಳಿನ ಕಿರೀಟ ಇಟ್ಟು, "ರಾಜ" ಅಂತ ಗೇಲಿ ಮಾಡಿದರು ಅಂತ ಬೈಬಲಿನಲ್ಲಿದೆ.

ಗೆಳೆಯರೇ, ಹೋದ ವರ್ಷ ಈ ಗೆಳತಿ 40 ದಿನ ಮಿಠಾಯಿ ಬಿಟ್ಟಿದ್ದಳು. ನಾವು ಅವಳ ಎದುರೇ ತಿಂದು ಗೇಲಿ ಮಾಡಿದ್ದೆವು. ನಾನೂ ಮಾಡಿದ್ದೆ. ಈ ಸಲ ಮಾಡುವುದು ಬೇಡ.